ಮುರಿದ ಬಾಲ ಬೆಳೆಯುವ ತನಕ

ಕವರ್‌ಸ್ಲಿಪ್ಪೆಂಬ ತೆಳು ಗಾಜಿನ ಚೂರಿನ ನಾಲ್ಕು ಮೂಲೆಗೂ ಬೆಂಕಿಕಡ್ಡಿಯ ತುದಿಯಿಂದ ವ್ಯಾಸಲಿನ್ ಮುಟ್ಟಿಸಬೇಕು, ಸಾಸಿವೆಗಿಂತ ಸಣ್ಣ ಬೊಟ್ಟು. ಮಧ್ಯೆ ಒಂದು ಹನಿ. ಗುಳಿಯಿರುವ ಸ್ಲೈಡನ್ನು ಅದರ ಮೇಲಿಟ್ಟು ಮಗುಚಿದರೆ ಹನಿ ಕೆಳಮುಖವಾಗಿ ತೂಗುತ್ತದೆ. ಅದರೊಳಗೆ ಬ್ಯಾಕ್ಟೀರಿಯಾ ಈಜುವುದು ಮೈಕ್ರೋಸ್ಕೋಪಿನಲ್ಲಿ ಕಾಣಬೇಕು. ನನ್ನ ಹನಿಯಲ್ಲಿ ಯಾವುದೂ ಈಜುತ್ತಿರಲಿಲ್ಲ. ನಿಂತಲ್ಲೇ ನಡುಗುತ್ತಿದ್ದವು.

ಮೂಡುಬಿದಿರೆಯಲ್ಲಿ ಎಂ.ಎಸ್ಸಿ.ಯ ಕೊನೆಯ ವರ್ಷ. ಮರುದಿನ ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆ. ಬಂಟ್ವಾಳದ ಹೊಳೆನೀರಿನಿಂದ ನಾನೇ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ ಈಜುವುದನ್ನು ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕಿತ್ತು. ಗಲ್ಫಿನಲ್ಲಿದ್ದ ಬಾಪ ಶುಕ್ರವಾರದ ಫೋನಿನಲ್ಲಿ ಹೇಳಿದ್ದರು, "ಈ ಸಲ ಪಾಸಾದರೆ ಆಯ್ತು ಮಗಳೇ. ಇಲ್ಲದಿದ್ದರೆ ಮತ್ತೆ ಪರೀಕ್ಷೆ ಕಟ್ಟುವುದು ಬೇಡ, ಓದು ಸಾಕು ಮಾಡುವ." ಬಾಪ ಮೆಲ್ಲನೆ ಹೇಳಿದ ಮಾತು ಬದಲಾಗುತ್ತಿರಲಿಲ್ಲ.

ಏನು ಮಾಡಿದೆಯೆಂದು, ಅದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದ ಬೆಳ್ತಂಗಡಿ ಕಡೆಯ ಸೀನಿಯರ್ ಅಕ್ಕ ಕೇಳಿದರು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿಸಿದ್ದೆ, ಉಪ್ಪುನೀರು ಹಾಕಿ ಗಂಟು ಒಡೆಯುವಷ್ಟು ಜೋರಾಗಿ ಕುಲುಕಿದ್ದೆ. ಹೀಗೆ ಮೂರು ಸಲ. ಶುದ್ಧವಾಗಿರಲಿ ಎಂದು.

"ಅದೇನು ಅಕ್ಕಿಯಾ ಮಾರಾಯ್ತಿ, ಮೂರು ನೀರಿನಲ್ಲಿ ತೊಳೆಯಲಿಕ್ಕೆ? ಈಜುವ ಬಾಲ ಎಲ್ಲ ಮುರಿದು ಹೋಗಿರ್ತದೆ."

ನಮ್ಮ ಉಮ್ಮ ಅಕ್ಕಿಯನ್ನು ಮೂರು ನೀರಿಗಿಂತ ಕಡಿಮೆ ತೊಳೆದದ್ದಿಲ್ಲ.

"ಇನ್ನು ಬರುವುದಿಲ್ವಾ ಅಕ್ಕಾ?"

"ಬರ್ತದೆ. ಬುಡ ಉಂಟಲ್ಲ. ಬೆಳಿಗ್ಗೆ ಹೊಸ ಬ್ರಾತಿಗೆ ಹಾಕು, ಬೆಚ್ಚಗೆ ಇಡು. ಕುಲುಕಿದರೆ ನೋಡು ಮತ್ತೆ!"

ರೆಕಾರ್ಡ್ ಪುಸ್ತಕದಲ್ಲಿ ಆ ಬಾಲದ ಚಿತ್ರವನ್ನು ನಾನೇ ಬರೆದಿದ್ದೆ. ಪೊರೆಯೊಳಗೆ ಮೊದಲು ಉಂಗುರಗಳು, ಅವೇ ತಿರುಗುವ ಬುಡ. ಅದರ ಮೇಲೆ ಬಾಗಿದ ಕೊಕ್ಕೆ. ಕೊನೆಗೆ ಬಾಲ. ಬಾಲ ಕೂದಲಿನ ಹಾಗೆ ಬುಡದಿಂದ ಬೆಳೆಯುವುದಿಲ್ಲ, ಅದು ಟೊಳ್ಳು. ಒಳಗಿನಿಂದ ಪ್ರೋಟೀನಿನ ತುಣುಕುಗಳು ಒಂದರ ಹಿಂದೆ ಒಂದು ಸಾಗಿ ತುದಿಗೆ ಹೋಗಿ ಕೂರುತ್ತವೆ. ಮುರಿದರೂ ಹಾಗೆಯೇ ಮುಂದುವರಿಯುತ್ತದೆ. ಸಂಜೆ ಮನೆಗೆ ಹೋಗುವಾಗ ಬಿ.ಸಿ.ರೋಡಿನವರೆಗೆ ಬಸ್ಸಿನಲ್ಲಿ ಇದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಆದರೂ ನನ್ನವು ಹಾಗೆ ಮಾಡುತ್ತವೆಂದು ನಂಬಿಕೆ ಬರಲಿಲ್ಲ.

"ಎಲ್ಲ ರೆಡಿಯಾ?" ಉಮ್ಮ ಕೇಳಿದರು. ಹೂಂ ಎಂದೆ.

ಮರುದಿನ ಮೊದಲ ಬಸ್ಸು ಹಿಡಿದೆ. ಏಳೂವರೆಗೆ ಹೊಸ ಬ್ರಾತಿಗೆ, ಅವು ತಿಂದು ಬೆಳೆಯುವ ಸಾರಿಗೆ, ಹಿಂದಿನ ದಿನ ತೊಳೆದದ್ದರ ಕೆಲವು ಹನಿ ಬಿಟ್ಟು ಇನ್‌ಕ್ಯುಬೇಟರಿನಲ್ಲಿಟ್ಟೆ. ಕೈ ಸುಮ್ಮನಿರಲೆಂದು ಮಡಿಲಲ್ಲಿ ಕಟ್ಟಿಕೊಂಡು ಅದರೆದುರು ಕೂತೆ. ಒಂಬತ್ತೂಮುಕ್ಕಾಲಿಗೆ, ಕೊಳವೆಯನ್ನು ಅಲುಗಿಸದೆ, ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಡಿ ತೂಗಿಸಿದೆ. ಹನಿಯ ಅಂಚಿನಲ್ಲಿ ಒಂದು, ನೇರವಾಗಿ ಅಡ್ಡ ಹಾಯ್ದು ಹೋಯಿತು. ಆಮೇಲೆ ಎರಡು. ಕೈಯನ್ನು ಮೆಲ್ಲನೆ ಹಿಂದೆಗೆದೆ. ಪರೀಕ್ಷಕರು ಬರುವ ತನಕ, ಯಾರ ಮೊಣಕೈಯೂ ತಾಗದಂತೆ, ಮೈಕ್ರೋಸ್ಕೋಪಿನ ಪಕ್ಕದಲ್ಲೇ ನಿಂತೆ.