ಫಾಲಾನಿಕೊಗೆ ಸಿಕ್ಕ ಒಂದು ನಿಮಿಷ

ಸಮುದ್ರ ದಾಟಿ ಬಂದು ವುಡ್‌ರಿಡ್ಜ್‌ನಲ್ಲಿ ನೆಲೆಸಿದ ಸಮೋವಾ ದ್ವೀಪಗಳ ಜನರಲ್ಲಿ ಸತ್ತವರನ್ನು ಮಣ್ಣು ಮಾಡಬೇಕಾದರೂ, ಮದುಮಕ್ಕಳನ್ನು ಹರಸಬೇಕಾದರೂ, ಹೊಸ ಪಾದ್ರಿಯನ್ನು ಬರಮಾಡಿಕೊಳ್ಳಬೇಕಾದರೂ ಫಾಲಾನಿಕೊ ಬೇಕು. ಆತ ತುಲಾಫಾಲೆ, ಅಂದರೆ ಎಲ್ಲರ ಪರವಾಗಿ ಎದ್ದು ನಿಂತು ಮಾತಾಡುವ ಮುಖ್ಯಸ್ಥ. ಸವಾಯಿ ದ್ವೀಪದ ಹಳ್ಳಿಯಲ್ಲಿ ಅವನ ಅಪ್ಪನಿಗೂ ಅಜ್ಜನಿಗೂ ಇದೇ ಪಟ್ಟವಿತ್ತು. ಅವನು ಕೋಲೂರಿ ನಿಂತನೆಂದರೆ ಮೊದಲು ದೇವರಿಗೆ, ಆಮೇಲೆ ಬಂದಿರುವ ಊರುಗಳಿಗೆ, ಆ ಊರುಗಳ ಮುಖ್ಯಸ್ಥರಿಗೆ, ಆ ಮುಖ್ಯಸ್ಥರ ತೀರಿಹೋದ ಹಿರಿಯರಿಗೆ ವಂದನೆ ಸಲ್ಲಬೇಕು. ಇವೆಲ್ಲ ಮುಗಿದು ವಿಷಯಕ್ಕೆ ಬರುವಷ್ಟರಲ್ಲಿ ಕಾದ ಕಲ್ಲಿನಲ್ಲಿ ಹೂತಿಟ್ಟ ಹಂದಿ ಬೆಂದು, ತಣ್ಣಗೂ ಆಗಿರುತ್ತಿತ್ತು. ಅದಕ್ಕೆ ಯಾರೂ ಬೇಸರ ಮಾಡಿಕೊಂಡವರಲ್ಲ. ಎರಡು ಮಾತಾಡಿ ಕೂತಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರು.

ಇಂಥ ಮನುಷ್ಯ ಇಂಗ್ಲಿಷಿನ ಎದುರು ಮೂಗ. ಬಹಳ ವರ್ಷ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಕೊಕ್ಕೆಗೆ ಕೋಳಿ ನೇತುಹಾಕಿದ. ಕೋಳಿಗೂ ಇಂಗ್ಲಿಷ್ ಬೇಡ, ಪಕ್ಕದಲ್ಲಿ ನಿಲ್ಲುತ್ತಿದ್ದ ತೊಂಗಾ ದ್ವೀಪದವನಿಗೂ ಬೇಡ. ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಯಾರಾದರೂ ಏನಾದರೂ ಕೇಳಿದರೆ ತಲೆಯಾಡಿಸಿ ನಗುವುದು, ಅಷ್ಟೇ. ಚರ್ಚಿನಲ್ಲಿ ಹುಲಿ, ಕೌಂಟರಿನ ಮುಂದೆ ಬೆಕ್ಕು. ಅದು ಅವನಿಗೇ ಗೊತ್ತಿತ್ತು, ಮತ್ತು ಒಳಗೊಳಗೇ ಸುಡುತ್ತಿತ್ತು.

ಭುಜ ಕೈಕೊಟ್ಟು ಕಾರ್ಖಾನೆ ಬಿಟ್ಟ ಮೇಲೆ ಅವನ ಕಣ್ಣು ಒಂದು ಕೆಲಸದ ಮೇಲೆ ಬಿತ್ತು. ಶಾಲೆಯ ಮುಂದೆ ನಿಂತು ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ. ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೊಂದು ಕೆಂಪು ಫಲಕ. ಎತ್ತಿದರೆ ಸಾಕು, ಲಾರಿಯೂ ನಿಲ್ಲುತ್ತದೆ, ಲಾಯರನ ಕಾರೂ ನಿಲ್ಲುತ್ತದೆ. "ಅದು ಕೆಲಸ ಅಲ್ಲ ಕಣೇ, ಪದವಿ," ಎಂದ ಹೆಂಡತಿ ಲೇಪೆಕಾಳಿಗೆ. ಈ ದೇಶದಲ್ಲಿ ಒಮ್ಮೆಯಾದರೂ ತನ್ನ ಮಾತಿಗೆ ಜನ ನಿಲ್ಲಬೇಕೆಂಬ ಆಸೆ ಅವನಿಗೆ. ಅಡ್ಡಿ ಒಂದೇ. ಇಂಗ್ಲಿಷ್ ತರಗತಿಗೆ ಸೇರಿ, ಕೊನೆಯಲ್ಲಿ ಅಧಿಕಾರಿಯ ಎದುರು ಒಂದು ನಿಮಿಷದ ಮಾತಿನ ಪರೀಕ್ಷೆ ಪಾಸಾಗಬೇಕು. ಗಂಡ ಹೆಂಡತಿ ಇಬ್ಬರೂ ಸೇರಿದರು. ಲೇಪೆಕಾ ಹೋದದ್ದು ಗಂಡ ದಾರಿ ತಪ್ಪದಿರಲಿ ಎಂದು.

ಟೀಚರ್ ಬ್ರಾನ್ವಿನ್ ಪ್ರತಿ ತರಗತಿಯ ಮೊದಲು ಆ ನೆಲದ ಮೂಲನಿವಾಸಿಗಳಿಗೆ, ಅವರ ಹಿಂದಿನ ಮತ್ತು ಇಂದಿನ ಹಿರಿಯರಿಗೆ ಗೌರವ ಸಲ್ಲಿಸುತ್ತಿದ್ದಳು. ಫಾಲಾನಿಕೊಗೆ ಕಣ್ಣು ತುಂಬಿ ಬಂತು. ಸಂಸ್ಕಾರ ಅಂದರೆ ಇದು ಎಂದುಕೊಂಡ. ಆಮೇಲೆ ಆಕೆ ಎಲ್ಲರ ಕೈಗೂ ಒಂದೊಂದು ಟ್ಯಾಬ್ ಕೊಟ್ಟಳು. ಅದು ಪ್ರಶ್ನೆ ಕೇಳುತ್ತದೆ, ನೀವು ಮಾತಾಡಬೇಕು, ಆಡಿದ್ದನ್ನು ಅಕ್ಷರದಲ್ಲಿ ತೋರಿಸುತ್ತದೆ, ತಪ್ಪಿದಲ್ಲಿ ನಿಧಾನವಾಗಿ ಹೇಳಿಕೊಡುತ್ತದೆ. ಪರದೆಯ ಮೇಲೊಂದು ಹಸಿರು ಬಳೆ ಸುತ್ತುತ್ತಿರುತ್ತದೆ. ಸುತ್ತು ಮುಗಿದರೆ ನಿಮಿಷ ಮುಗಿಯಿತು.

"ಈಗ ನಿಮ್ಮ ಸರದಿ. ಮಾತಾಡಿ," ಎಂದಿತು ಟ್ಯಾಬಿನೊಳಗಿನ ಹೆಣ್ಣುದನಿ.

ಸಮೋವಾದ ಸಭೆಯಲ್ಲಿ ಸರದಿ ಎಂದೊಡನೆ ಬಾಯಿ ತೆರೆಯುವವನು ಮಾನಗೆಟ್ಟವನು. ನೀವು ಮಾತಾಡಿ, ಛೇ ನೀವಿರುವಾಗ ನಾನೆಲ್ಲಿ ಎಂದು ಮುಖ್ಯಸ್ಥರು ಮೊದಲು ಒಬ್ಬರಿಗೊಬ್ಬರು ಬಿಟ್ಟುಕೊಡಬೇಕು. ಫಾಲಾನಿಕೊ ತನಗೆ ಬರುವ ಹರಕು ಇಂಗ್ಲಿಷಿನಲ್ಲೇ ಬಿಟ್ಟುಕೊಟ್ಟ.

"ಅಯ್ಯೋ, ಎಲ್ಲಾದ್ರೂ ಉಂಟೇ! ಮೊದ್ಲು ನೀವೇ ಮಾತಾಡಿ ತಾಯಿ. ಮನೆ ನಿಮ್ದು."

ಹಸಿರು ಬಳೆ ಅರ್ಧ ಸುತ್ತು ಮುಗಿಸಿತು.

"ನಾನು ಹೊರಗಿಂದ ಬಂದವ್ನು. ದಯವಿಟ್ಟು ತಾವೇ ಶುರು ಮಾಡ್ಬೇಕು."

ಟಿಂಗ್. "ನಿಮ್ಮ ಸಮಯ ಮುಗಿಯಿತು."

ಪಕ್ಕದಲ್ಲಿದ್ದ ಅಫ್ಘಾನಿಸ್ತಾನದ ನೌರೋಜ್ ಬಿದ್ದುಬಿದ್ದು ನಕ್ಕ. "ಕಾಕಾ, ಅದು ಯಂತ್ರ! ಅದಕ್ಕ್ಯಾಕೆ ಉಪಚಾರ?"

"ಯಂತ್ರ ಆದ್ರೇನು, ಹೆಂಗಸು ತಾನೆ? ಮರ್ಯಾದೆ ಬೇಡ್ವೇನೋ?"

ಮುಂದಿನ ವಾರ ಯಾಕೆ ಸೋತೆನೆಂದು ಅವನೇ ಕಂಡುಕೊಂಡ. ಯಂತ್ರಕ್ಕೆ ಸರಿಯಾದ ವಂದನೆ ಸಂದಿಲ್ಲ, ಅದಕ್ಕೇ ಮುನಿಸು. ಈ ಸಲ ದೇವರಿಗೆ ವಂದಿಸಿ, ಬ್ರಾನ್ವಿನ್‌ಗೆ ವಂದಿಸಿ, ನೌರೋಜನ ತೀರಿಹೋದ ತಾತನಿಗೂ ವಂದಿಸಿ ಟ್ಯಾಬಿನ ಹೊಗಳಿಕೆಗೆ ಕೈಹಾಕಿದ. ಟಿಂಗ್. ಅವನ ಹೆಸರು ಕೂಡ ಬಂದಿರಲಿಲ್ಲ. ಹುಟ್ಟಿದಂದಿನಿಂದ ಯಾರೂ ಅವನ ಭಾಷಣವನ್ನು ನಡುವೆ ಕತ್ತರಿಸಿದ್ದಿಲ್ಲ. ಮುಖ ಹುಳ್ಳಗಾಯಿತು.

"ಫಾಲಾನಿಕೊ, ನೇರವಾಗಿ ವಿಷಯಕ್ಕೆ ಬಂದುಬಿಡಿ," ಎಂದಳು ಬ್ರಾನ್ವಿನ್ ಮೆತ್ತಗೆ.

"ಟೀಚರ್, ನೀವು ದಿನಾ ನೆಲದ ಹಿರಿಯರಿಗೆ ಗೌರವ ಸಲ್ಲಿಸ್ತೀರಿ. ನಿಮ್ಗೆ ಯಾವತ್ತಾದ್ರೂ ಇದು ಟಿಂಗ್ ಅಂದಿದ್ಯಾ?"

ಬ್ರಾನ್ವಿನ್ ನಕ್ಕು, ಅವನ ಟ್ಯಾಬನ್ನು ಮತ್ತೆ ಮೊದಲಿನಿಂದ ಶುರುಮಾಡಿ ಕೊಟ್ಟಳು.

ಅವನಿಗೆ ಟ್ಯಾಬಿನಲ್ಲಿ ಹಿಡಿಸಿದ್ದು ಒಂದೇ. ಆಡಿದ್ದನ್ನು ಅದು ತಿರುಗಿ ಕೇಳಿಸುತ್ತಿತ್ತು. ತನ್ನ ಭಾಷಣವನ್ನು ಮತ್ತೆ ಮತ್ತೆ ಹಾಕಿಕೊಂಡು, ಕಣ್ಣು ಮುಚ್ಚಿ, "ಎಂಥಾ ಕಂಠ!" ಎಂದು ತಲೆದೂಗುತ್ತಿದ್ದ. ಕೆಂಪಕ್ಷರದಲ್ಲಿ ತೋರಿಸಿದ ತಪ್ಪುಗಳನ್ನು ಮಾತ್ರ ನೋಡುತ್ತಿರಲಿಲ್ಲ.

ಲೇಪೆಕಾಳ ಕಥೆಯೇ ಬೇರೆ. ಗಂಡ ಮಾತಿನ ಮುಖ್ಯಸ್ಥನಾದ ಮನೆಯಲ್ಲಿ ಹೆಂಡತಿಗೆ ಮಾತಿಗೆಲ್ಲಿ ಜಾಗ? ಅಂಗಡಿಯಲ್ಲಿ ಇಂಗ್ಲಿಷಾಡಲು ಹೋದರೆ ಹುಡುಗಿಯರು ನಗುತ್ತಾರೆಂಬ ನಾಚಿಕೆ ಬೇರೆ. ಟ್ಯಾಬ್ ನಗಲಿಲ್ಲ. ಒಂದೇ ಮಾತನ್ನು ಎಷ್ಟು ಸಲ ಹೇಳಿದರೂ ಬೇಸರಿಸದೆ ಇನ್ನೊಮ್ಮೆ ಎನ್ನುತ್ತಿತ್ತು. ಆಕೆ ಅದನ್ನು ಮನೆಗೆ ತಂದು, ಅಡುಗೆಮನೆಯ ಉಗ್ರಾಣದೊಳಗೆ ಸೇರಿ, ಅಕ್ಕಿಚೀಲದ ಮೇಲೆ ಕೂತು ಮಾತಾಡಿದಳು. ಎರಡು ತಿಂಗಳಾಗುವಷ್ಟರಲ್ಲಿ ಅರಳು ಹುರಿದಂತೆ ಇಂಗ್ಲಿಷ್. ತರಗತಿಯಲ್ಲಿ ಅರ್ಧ ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರೆ ಪರದೆಯ ತುಂಬ ಹಸಿರು ಗುರುತು. ಗಂಡ ಅದನ್ನು ಕಂಡೂ ಕಾಣದಂತೆ ಕಿಟಕಿಯಾಚೆ ನೋಡುತ್ತಿದ್ದ.

ಪರೀಕ್ಷೆಗೆ ಇನ್ನೆರಡು ದಿನ ಇದೆಯೆನ್ನುವಾಗ ಪಾನಿಕೆಕೆ ಎಂಬ ಸಿಹಿ ಉಂಡೆ ಕರಿಯುತ್ತಾ ಲೇಪೆಕಾ ಕೇಳಿದಳು, "ಮುದುಕಾ, ಆ ಕೆಲ್ಸ ನಿಂಗೆ ಬೇಕೋ ಬೇಡ್ವೋ?"

"ಬೇಕು. ಆದ್ರೆ ಆ ಡಬ್ಬಾ ಬಿಡ್ಬೇಕಲ್ಲ. ನಮ್ಮಪ್ಪ ಒಂದು ನಿಮಿಷದಲ್ಲಿ ಕೆಮ್ಮಿ ಗಂಟಲು ಸರಿಮಾಡ್ಕೋತಿದ್ದ, ಅಷ್ಟೇ."

"ಪರೀಕ್ಷೇಲಿ ಏನು ಕೇಳ್ತಾರಂತೆ? ಟೀಚರ್ ಹೇಳಿದ್ರಲ್ಲ."

"ರಸ್ತೇಲಿ ಮಕ್ಕಳಿದ್ದಾರೆ, ಕಾರು ನಿಲ್ತಾ ಇಲ್ಲ, ಏನು ಹೇಳ್ತೀರಿ ಅಂತ."

"ಸರಿ. ಮಗು ನಡುರಸ್ತೇಲಿದೆ. ಕಾರು ಬರ್ತಾ ಇದೆ. ನೀನಿನ್ನೂ ಡ್ರೈವರ್ ತಾತಂಗೆ ವಂದನೆ ಹೇಳ್ತಾ ನಿಂತಿದ್ದೀಯ. ಮಗು ಉಳ್ಯುತ್ತಾ?"

ಫಾಲಾನಿಕೊ ಮುಂದಿದ್ದ ತಟ್ಟೆಯನ್ನು ಆಚೆ ತಳ್ಳಿದ.

"ನಿನ್ ಹಂದಿ ಬೇಲಿ ಹಾರಿದಾಗ ಹೆಂಗೆ ಕೂಗ್ತಿದ್ದೆ? ಅದ್ರ ಅಪ್ಪನ ಊರು ಕೇಳ್ತಿದ್ಯಾ?"

"ಹಂದೀಗೂ ಸಭೆಗೂ ವ್ಯತ್ಯಾಸ ಇಲ್ವೇನೇ?"

"ಅದನ್ನೇ ನಾನೂ ಹೇಳೋದು. ರಸ್ತೆ ಸಭೆ ಅಲ್ಲ."

ಅವನು ಸಿಟ್ಟಿನಿಂದ ಎದ್ದುಹೋದ. ಬಾಗಿಲವರೆಗೆ ಹೋಗಿ ತಿರುಗಿ ಬಂದ. ಮೂರು ಪಾನಿಕೆಕೆ ತಟ್ಟೆಗೆ ಹಾಕಿಕೊಂಡು, "ಟ್ಯಾಬ್ ತಗೊಂಬಾ. ಹೇಳ್ಕೊಡು," ಎಂದ. ಅಂದೂ ಮರುದಿನವೂ ಅಡುಗೆಮನೆಯಲ್ಲಿ ಗುರುಶಿಷ್ಯರ ಪಾಠ ನಡೆಯಿತು. ಗುರುವಿನ ಕೈಯಲ್ಲಿ ಸೌಟಿತ್ತು. ದೇವರ ಹೆಸರು ಬಂದರೆ ಮೇಜಿಗೊಂದು ಏಟು, ಹಿರಿಯರ ಹೆಸರು ಬಂದರೆ ಎರಡು.

ಪರೀಕ್ಷೆಗೆ ಬಂದ ಅಧಿಕಾರಿ ಹಾಲೊರನ್ ಎಂಬ ಬಿಳಿಕೂದಲಿನ ಹೆಂಗಸು. ಫಾಲಾನಿಕೊ ಇಸ್ತ್ರಿ ಮಾಡಿದ ಲಾವಾಲಾವಾ ಪಂಚೆ ಸುತ್ತಿ, ಟೈ ಕಟ್ಟಿ ಬಂದಿದ್ದ. ತರಗತಿಗೆ ಬಂದ ಅತಿಥಿ, ವಯಸ್ಸಾದವಳು, ಎದುರಿಗೇ ಕೂತಿದ್ದಾಳೆ. ವಂದನೆ ನಾಲಿಗೆಯ ತುದಿಗೆ ಬಂದು ನಿಂತಿತು. ಹಿಂದಿನ ಸಾಲಿನಲ್ಲಿ ಲೇಪೆಕಾ ಕಣ್ಣು ಕೆಕ್ಕರಿಸಿದಳು. ಅವನು ವಂದನೆಯನ್ನು ನುಂಗಿಕೊಂಡ.

"ಕಾರು ನಿಲ್ಲುತ್ತಿಲ್ಲ. ಏನು ಹೇಳುತ್ತೀರಿ?" ಎಂದಿತು ಟ್ಯಾಬ್. ಬಳೆ ಸುತ್ತತೊಡಗಿತು.

"ಸ್ಟಾಪ್!"

ಅದು ಸಮುದ್ರದ ಮೊರೆತದ ಮೇಲೆ ಹಾದು ಆಚೆ ದೋಣಿಗೆ ಮುಟ್ಟುತ್ತಿದ್ದ ದನಿ. ಹಾಲೊರನ್‌ಳ ಪೆನ್ನು ನೆಲಕ್ಕೆ ಬಿತ್ತು. ಹೊರಗಿನ ಓಣಿಯಲ್ಲಿ ನೆಲ ಒರೆಸುತ್ತಿದ್ದವನು ಒರೆಸುವುದನ್ನು ನಿಲ್ಲಿಸಿ ಎರಡೂ ಕೈ ಮೇಲೆತ್ತಿದ. ಆಮೇಲೆ ಫಾಲಾನಿಕೊ ಬಾಯಿ ಮುಚ್ಚಿ ನಿಂತ. ಬಳೆ ಸುತ್ತುತ್ತಲೇ ಇತ್ತು. ಒಳಗೆ ಮಾತುಗಳು ಒಂದರ ಮೇಲೊಂದು ಬಿದ್ದು ಬಾಗಿಲು ತಟ್ಟುತ್ತಿದ್ದವು, ಬೆವರಿಳಿಯಿತು, ಅವನು ತುಟಿ ಸಡಿಲಿಸಲಿಲ್ಲ. ಜೀವನದಲ್ಲಿ ಅವನು ಮಾಡಿದ ಅತಿ ಕಷ್ಟದ ಭಾಷಣ ಆ ಮೌನವೇ.

ಟಿಂಗ್. "ಉತ್ತರ ತುಂಬಾ ಚಿಕ್ಕದಾಯಿತು. ದಯವಿಟ್ಟು ಇನ್ನಷ್ಟು ಮಾತಾಡಿ."

ಫಾಲಾನಿಕೊ ಹೆಂಡತಿಯತ್ತ ತಿರುಗಿ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಸುಟ್ಟು ಬೂದಿಯಾಗುತ್ತಿದ್ದರು. ನೌರೋಜ್ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಬ್ರಾನ್ವಿನ್ ಏನೋ ಹೇಳಹೊರಟಳು, ಹಾಲೊರನ್ ಕೈ ಅಡ್ಡಹಿಡಿದಳು.

"ಮಕ್ಕಳಿಗೆ ಏನ್ ಹೇಳ್ತೀರಿ?" ಎಂದಳು ನೇರವಾಗಿ ಅವನನ್ನೇ ನೋಡುತ್ತಾ.

"ಬನ್ನಿ ಮಕ್ಕಳೇ. ನಾನಿದ್ದೀನಿ." ಸರಿಯಾದ ಇಂಗ್ಲಿಷ್, ಒಂದೂ ತಪ್ಪಿಲ್ಲ.

"ಟ್ಯಾಬ್ ಕಾರು ಓಡ್ಸಲ್ಲ, ನಾನು ಓಡಿಸ್ತೀನಿ. ಈಗ್ಲೂ ನನ್ ಕಾಲು ಬ್ರೇಕ್ ಮೇಲೇ ಇದೆ. ಸೋಮವಾರ ಕೆಲಸಕ್ಕೆ ಬನ್ನಿ," ಎಂದಳು ಹಾಲೊರನ್.

ಹೊರಗೆ ಬಸ್ ನಿಲ್ದಾಣದವರೆಗೂ ಅವನು ಪಿಟ್ಟೆನ್ನಲಿಲ್ಲ. ಲೇಪೆಕಾಳಿಗೆ ಗಾಬರಿಯಾಯಿತು.

"ಯಾಕೋ ಮುದುಕಾ, ಮಾತೆಲ್ಲಾ ಅಲ್ಲೇ ಬಿಟ್ಟು ಬಂದ್ಯಾ?"

ಅವನು ಚೀಲವನ್ನು ಅವಳ ಪಕ್ಕದ ಬೆಂಚಿನ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಟೈ ಸರಿಮಾಡಿಕೊಂಡು ನೆಟ್ಟಗೆ ನಿಂತ. ಎಷ್ಟೋ ಮದುವೆ, ಎಷ್ಟೋ ಸಾವಿನ ಮನೆಗಳಲ್ಲಿ ಯಾರ್ಯಾರಿಗೋ ವಂದಿಸಿದ್ದ ಆ ಬಾಯಿ ಇವಳನ್ನು ಒಮ್ಮೆಯೂ ಹೆಸರಿಸಿರಲಿಲ್ಲ. ಅದು ಅವನಿಗೆ ಹೊಳೆದದ್ದು ಆ ಮೌನದ ನಿಮಿಷದಲ್ಲಿ.

"ಲೇಪೆಕಾ," ಎಂದು ಸಭೆಯ ದನಿಯಲ್ಲಿ ಶುರುಮಾಡಿದ. "ತಾವು ಹುಟ್ಟಿದ ಊರಿಗೆ ನನ್ನ ವಂದನೆ. ಆ ಊರಿನ ಹಿರಿಯರಿಗೆ ವಂದನೆ. ತಮ್ಮನ್ನು ಹೆತ್ತ ತಾಯಿಗೆ..."

"ಏನ್ ಹುಚ್ಚು ನಿಂಗೆ, ಜನ ನೋಡ್ತಾರೆ!"

"...ತಮಗೆ ಹಾಲುಣಿಸಿದ ತಾಯಿಗೆ, ತಮ್ಮನ್ನು ಈ ಮುಠ್ಠಾಳನ ಕೈಗೆ ಒಪ್ಪಿಸಿದ ತಂದೆಗೆ..."

ಬಸ್ ಬಂದು ನಿಂತಿತು, ಬಾಗಿಲು ತೆರೆಯಿತು. ಇನ್ನೂ ಅವಳ ಅಜ್ಜಿಯ ಸರದಿ ಬಂದಿರಲಿಲ್ಲ. ಲೇಪೆಕಾ ಬೆಂಚಿನ ಮೇಲೆ ಕೂತು, ಸೆರಗಿಲ್ಲದ್ದಕ್ಕೆ ಅಂಗೈಯಿಂದಲೇ ಕಣ್ಣೊರೆಸಿಕೊಂಡು, ಹೋಗಪ್ಪಾ ಎಂದು ಡ್ರೈವರನಿಗೆ ಕೈಬೀಸಿದಳು.