ಖಳನಾಯಕನ ಮಾತು

ಕಂಪ್ಲಿಯಲ್ಲಿ ನಮ್ಮ ಗದ್ದೆಗಳಿಗೆ ಸರದಿಯಂತೆ ಕಾಲುವೆ ನೀರು ಬಿಡುತ್ತಿದ್ದ ನೀರುಗಂಟಿ, ಭಾನುವಾರ ಸಂಜೆ ನಮ್ಮ ಮನೆಗೆ ಟಿವಿಯಲ್ಲಿ ಸಿನಿಮಾ ನೋಡಲು ಬರುತ್ತಿದ್ದ. ಕೆಸರು ಮೆತ್ತಿದ ಸಲಿಕೆಯನ್ನು ಹೊರಗೋಡೆಗೆ ಒರಗಿಸಿ, ಹೊಸ್ತಿಲ ಬಳಿ ಮೊಣಕಾಲು ಅಪ್ಪಿಕೊಂಡು ಕೂರುತ್ತಿದ್ದ. ಕೊನೆಯಲ್ಲಿ ನಾಯಕ ಖಳನಾಯಕನನ್ನು ಹೊಡೆದು ಕೆಡವಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದರೆ, ಅವನು ಮಾತ್ರ ಗಲ್ಲ ಕೆರೆದುಕೊಂಡು, "ಅವನ ಮಾತೂ ಒಂದೀಟು ಕೇಳಬೇಕಿತ್ತು ಬಿಡ್ರಿ" ಎನ್ನುತ್ತಿದ್ದ.

"ಕಳ್ಳ ಅವ. ಏನ್ ಹೇಳ್ತಾನಲೇ?" ಎಂದು ಅಪ್ಪ ನಗುತ್ತಿದ್ದರು. ದಿನವಿಡೀ ರೈತರ ಜಗಳ ಕೇಳುವವನ ಚಟ ಅದು ಎಂದು ನಾನೂ ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನೀರು ಸಾಲದೆ, ಪಕ್ಕದವರ ಸರದಿಯ ನೀರನ್ನು ಅಪ್ಪ ಕದ್ದು ನಮ್ಮ ಗದ್ದೆಗೆ ತಿರುಗಿಸಿ ಸಿಕ್ಕಿಬಿದ್ದರು. ಕಾಲುವೆ ದಂಡೆಯ ಮೇಲೆ ಜನ ಅವರ ಅಂಗಿ ಹಿಡಿದರು. ನೀರುಗಂಟಿ ನಡುವೆ ಬಂದು ನಿಂತ.

"ತಡೀರಿ. ಸಾವ್ಕಾರ್ರ ಮಾತೂ ಒಂದೀಟು ಕೇಳೋಣು."

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ನೆಲ ನೋಡುತ್ತಾ, "ತಪ್ಪಾತು" ಎಂದರು. ಹಿಡಿದ ಕೈಗಳು ಸಡಿಲವಾದವು.

ಮುಂದಿನ ಭಾನುವಾರವೂ ಅವನು ಬಂದ. ಸಿನಿಮಾದ ಕೊನೆಗೆ ಖಳನಾಯಕ ಸತ್ತ. ನಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪ ಎದ್ದು ಟಿವಿಯ ದನಿ ತಗ್ಗಿಸಿ, ಹೊಸ್ತಿಲ ಕಡೆ ತಿರುಗಿದರು.

"ಒಳಗ ಬಂದು ಕುಂದ್ರಪ. ಅವನ ಮಾತು ಕೇಳಿದ್ದಿದ್ರ ಅವ ಏನ್ ಹೇಳ್ತಿದ್ದ?"