ಅಗಸಿಯಲ್ಲಿ ಬಿಚ್ಚಿದ ಬಂಪರ್

ಬಂಕಾಪುರದ ಬೀಗರ ಓಣಿಯ ಅಗಸಿ ಬಾಗಿಲೊಳಗೆ ಕಾರು ಮೂತಿ ತೂರಿಸಿ ಬಲಕ್ಕೆ ಹೊರಳುವಷ್ಟರಲ್ಲಿ ಮುಂದಿನ ಬಂಪರ್ ಗೋಡೆಗೆ ಧಡ್ಡೆಂದು ಬಡಿಯಿತು. ಮೇಲಿನಿಂದ ಉದುರಿದ ಸುಣ್ಣವೆಲ್ಲ ಮದುಮಗ ಅನಂತ ವಕೀಲನ ಜರಿ ರುಮಾಲಿನ ಮೇಲೆ ಕೂತಿತು. ಬಾಸಿಂಗ ಜಾರಿ ಮೂಗಿಗೆ ಬಂತು. ಆರತಿ ಹಿಡಿದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬೀಗರು ಮೊದಲೇ ಬೀಗುವವರು, ಈಗ ಕೇಳಬೇಕೆ?

ಸ್ಟೇರಿಂಗ್ ಹಿಡಿದಿದ್ದವನು ಸವಣೂರಿನ ಹಯಾತ. ಹೆಸರಿನೊಳಗೇ ಹಯ ಇದ್ದುದಕ್ಕೋ ಏನೋ, ಮೀಸೆ ಮೂಡಿದಾಗಿನಿಂದ ಯಲವಿಗಿ ಸ್ಟೇಶನ್ನಿಗೆ ಟಾಂಗಾ ಹೊಡೆದವನು. ಅವನ ಕುದುರೆ ಮುಪ್ಪಾಗಿ ಸತ್ತ ವರ್ಷವೇ ಹತ್ತಿಮತ್ತೂರಿನ ಹತ್ತಿ ವ್ಯಾಪಾರಿ ಪರಮೇಶ್ವರಪ್ಪ ಮುಂಬಯಿಯಿಂದ ಇಬ್ಬರೇ ಕೂಡುವ, ಮೇಲೆ ಮುಚ್ಚಿಗೆಯಿಲ್ಲದ ಕೆಂಪು ಓಟದ ಕಾರು ತರಿಸಿದರು. ಹಯಾತನ ಕೈಗೆ ಲಗಾಮಿನ ಬದಲು ಸ್ಟೇರಿಂಗ್ ಬಂತು. ಬೆಳಗಾದರೆ ಕಾರಿನ ಮೈ ತಿಕ್ಕುತ್ತಿದ್ದ. ಏರು ಬಂದರೆ ಅದರ ಬೆನ್ನು ತಟ್ಟಿ “ಚಲ್ ಬೇಟಾ” ಎನ್ನುತ್ತಿದ್ದ.

ಅದು ನಲವತ್ತನೆಯ ಇಸವಿ. ಯುದ್ಧ ಇನ್ನೂ ನಮ್ಮ ಪೆಟ್ರೋಲಿಗೆ ಕೈ ಹಾಕಿರಲಿಲ್ಲ. ಬೀಗರ ಮನೆತನದ ಪದ್ಧತಿಯೊಂದಿತ್ತು: ಅಗಸಿ ಹೊಕ್ಕ ವರನ ಕಾಲು, ಅತ್ತೆ ಮಾವ ತೊಳೆಯುವ ತನಕ ನೆಲಕ್ಕೆ ತಾಗಕೂಡದು. ಅದಕ್ಕೆಂದೇ ಕುದುರೆ. ಅನಂತನಿಗೋ ಕುದುರೆಯೆಂದರೆ ಜೀವಭಯ. ಅದನ್ನು ಮುಚ್ಚಿಟ್ಟು, “ನಾ ಕಾರಿನ್ಯಾಗ ಬರಾಂವ” ಎಂದು ಜಂಬ ಕೊಚ್ಚಿ, ಪರಮೇಶ್ವರಪ್ಪನವರ ಕಾರು ಕೇಳಿ ತಂದಿದ್ದ.

“ಅಳಿಯಂದ್ರ, ಕುದರಿ ತರಸ್ಲೇನ್ರಿ? ಅದಕ್ಕ ಬಂಪರ್ ಇರೂದಿಲ್ಲ,” ಎಂದರು ಹುಡುಗಿಯ ಸೋದರತ್ತೆ ಗೋಪಿಕಾಬಾಯಿ.

ಅನಂತ ಬಾಸಿಂಗದೊಳಗಿಂದಲೇ ಪಿಸುಗುಟ್ಟಿದ: “ಹಯಾತ, ಏನರ ಮಾಡೋ. ಹೊತ್ತು ಮುಳುಗೂದ್ರಾಗ ಒಳಗ ಹೋಗಬೇಕು. ಕುದರಿ ಮಾತ್ರ ಬ್ಯಾಡ!”

“ಗಾಬರಿ ಆಗಬ್ಯಾಡ್ರಿ ವಕೀಲ ಸಾಹೇಬ್ರ. ಬಂಪರ್ ಒಂದ ಗೇಣು ಮುಂದ ಚಾಚೇತಿ. ಬಿಚ್ಚಿ ಇಟ್ರ ಗಾಡಿ ಹೊಳ್ಳತೈತಿ.”

ಹಯಾತ ಅಂಗಿ ತೋಳು ಮಡಚಿ, ನಟ್ಟು ತಿರುವುವ ಪಾನಾ ಹಿಡಿದು ಕಾರಿನಡಿ ಅಂಗಾತ ಮಲಗಿದ. ಬಿಚ್ಚಿದ ನಟ್ಟುಗಳು ಒಂದೊಂದೇ ಮದುಮಗನ ಉಡಿಗೆ, ತೆಂಗಿನಕಾಯಿಯ ಪಕ್ಕಕ್ಕೆ ಬಂದು ಬಿದ್ದವು. ಕಡೆಯದು ಜಪ್ಪಯ್ಯ ಅನ್ನಲಿಲ್ಲ. ಅನಂತನ ಕಣ್ಣು ಪಡುವಣಕ್ಕೆ. ಯಾರೋ ಕಂದೀಲಿನಿಂದ ಘಾಸಲೇಟ ಎಣ್ಣೆ ಬಸಿದು ಕೊಟ್ಟರು. ಹಯಾತ ಅದನ್ನು ನಟ್ಟಿಗೆ ಕುಡಿಸಿ, ಮೊದಲು ಬಿಗಿ ಮಾಡುವವನಂತೆ ಒಂದಿಷ್ಟು ಒತ್ತಿ, ಹಿಂದಕ್ಕೆ ತಿರುವಿದ. ಕಿರ್ರ್ ಎಂದು ಸಡಿಲಾಯಿತು.

“ಯಾರರ ಹಿಡೀರೀ, ಬೀಳತೈತಿ!”

ಹತ್ತಿರವಿದ್ದವರು ಹುಡುಗಿಯ ಸೋದರಮಾವ ರಾಘಣ್ಣ. ಮಡಿಯುಟ್ಟವರು, ಸಂತೆಯ ಗಾಳಿ ಬೀಸಿದರೂ ಸ್ನಾನ ಮಾಡುವ ಪೈಕಿ. ಬಂಪರ್ ನೋಡಿದರು, ಪೀತಾಂಬರ ನೋಡಿಕೊಂಡರು. “ಕಬ್ಬಿಣಕ್ಕ ಎಲ್ಲೀ ಮೈಲಿಗಿ, ತಾರೋ!” ಎಂದು ಎರಡೂ ಕೈಯಲ್ಲಿ ಅಪ್ಪಿಕೊಂಡರು.

ಕಾರು ಗುರ್ರೆಂದಿತು, ಗೋಡೆಯ ಸುಣ್ಣ ಸವರಿಕೊಂಡು ಹೊರಳಿತು, ಒಳಗೆ ಬಂತು. ಸನಾದಿಯವರು ಹೇಳಿಸಿಕೊಳ್ಳದೆಯೇ ಊದಿದರು. ಆದರೆ ಹಯಾತ ಅಲ್ಲಿಯೇ ನಿಲ್ಲಿಸಿದ.

“ಮತ್ತೇನೋ?” ಎಂದ ಅನಂತ.

“ಬಂಪರ್ ಇಲ್ದ ಮನಿ ಮುಂದ ಹೋದ್ರ, ಹಲ್ಲ ಬಿದ್ದ ಮುದುಕಿ ಹಂಗ ಕಾಣಸ್ತೈತ್ರಿ.”

ಬಂಪರ್ ಮತ್ತೆ ಜೋಡಿಸಿ, ನಟ್ಟುಗಳನ್ನೆಲ್ಲ ಮೊದಲು ಸಡಿಲಾಗಿ ಏರಿಸಿಕೊಂಡ. ರಂಗೋಲಿ ಹಾಕಿ ಪಳಗಿದ ಗೋಪಿಕಾಬಾಯಿಯ ಕಣ್ಣು ಸುಮ್ಮನಿರಲಿಲ್ಲ: “ಎಡಕ್ಕ ಇಳದೈತಿ… ಎತ್ತೋ… ಹಾಂ, ಈಗ ಬಿಗಿ ಮಾಡು!” ಕುದುರೆಯ ಮಾತು ಅವರಿಗೇ ಮರೆತುಹೋಗಿತ್ತು.

ಹೊತ್ತು ಮುಳುಗುವ ಮುನ್ನ ಅನಂತನ ಕಾಲು ಕಾರಿನಿಂದ ನೇರ ಬೆಳ್ಳಿಯ ಹರಿವಾಣಕ್ಕೆ ಇಳಿಯಿತು. ವರನಿಗೊಂದು ಹಾರ, ಬಂಪರಿಗೊಂದು ಹಾರ. ಚಪ್ಪರದಲ್ಲಿ ಎಲ್ಲರ ಬಾಯಲ್ಲೂ ಹಯಾತ. ಎಂಥ ಛಲ! ಎಂಥ ಕೈ!

ಕೈ ತೊಳೆದೂ ತೊಳೆದೂ ಗ್ರೀಸು ಬಿಡದ ರಾಘಣ್ಣ ಅವನಿಗೆ ಶಾಲು ಹೊದಿಸಿ, ಏನೋ ಹೊಳೆದವರಂತೆ ಕೇಳಿದರು: “ಅಲ್ಲೋ ಹಯಾತ, ಗಾಡಿ ಒಂಚೂರು ಹಿಂದ ಸರಿಸಿ, ಅಗಲಕ್ಕ ತಗೊಂಡು ಹೊಳ್ಳಿಸಿದ್ರ ಬಂಪರ್ ಬಿಚ್ಚೋ ಕೆಲಸನ ಇರಲಿಲ್ಲಲ್ಲೋ?”

ಚಪ್ಪರ ಕಿವಿಯಾಯಿತು. ಹಯಾತ ಶಾಲಿನ ಅಂಚು ಸರಿಮಾಡಿಕೊಂಡ.

“ಹಿಂದ ಹೋಗೂದು ಇನ್ನೂ ಕಲತಿಲ್ರಿ.”